ಏಪ್ರಿಲ್ 10ರವರೆಗೂ ಪಾಠ ನಡೆಯಬೇಕೆಂದರೆ

ಪ್ರಶ್ನೆ: ನಾನು ಕೊಪ್ಪಳ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಮುಖ್ಯ ಶಿಕ್ಷಕಿ. ಒಂದರಿಂದ ಏಳನೇ ತರಗತಿ ಇದೆ. ನನ್ನನ್ನೂ ಸೇರಿಸಿ ಐದು ಜನ ಕಾಯಂ ಶಿಕ್ಷಕರು, ಇಬ್ಬರು ಅತಿಥಿ ಶಿಕ್ಷಕರು. ವರ್ಷವೆಲ್ಲ ಚೆನ್ನಾಗಿ ಕೆಲಸ ಮಾಡುವ ಇವರೇ ಮಾರ್ಚ್ ಬಂತೆಂದರೆ ಬೇರೆಯವರಾಗಿಬಿಡುತ್ತಾರೆ. ಪೋರ್ಷನ್ ಮುಗಿದಿದೆ ಅಂತ ಮಕ್ಕಳಿಗೆ ಕಾಪಿ ಬರೆಯಲು ಹೇಳಿ ಸ್ಟಾಫ್ ರೂಮಿನಲ್ಲಿ ಕೂತಿರುತ್ತಾರೆ. ಮೀಟಿಂಗ್ ಮಾಡಿ ಹೇಳಿದೆ, ಒಮ್ಮೆ ಗಟ್ಟಿಯಾಗಿಯೇ ಹೇಳಿದೆ. ಎರಡು ದಿನ ಸರಿ ಇರುತ್ತೆ, ಮತ್ತೆ ಅದೇ. ಇಬ್ಬರು ನನಗಿಂತ ಸೀನಿಯರ್. ಮೆಮೊ ಕೊಡಲು ಮನಸ್ಸು ಬರುತ್ತಿಲ್ಲ. ಏನು ಮಾಡಲಿ?

ಉತ್ತರ: ಮೇಡಂ, ಮೆಮೊ ಕೊಡದೇ ಇದ್ದದ್ದು ಒಳ್ಳೆಯದಾಯಿತು. ಮೆಮೊ ಕೊಟ್ಟರೆ ಶಿಕ್ಷಕರು ಕ್ಲಾಸಿನೊಳಗೆ ಹೋಗಿ ಕೂರುತ್ತಾರೆ, ಅಷ್ಟೇ. ಪಾಠ ನಡೆಯುತ್ತೆ ಅಂತ ಏನೂ ಇಲ್ಲ.

ವರ್ಷವೆಲ್ಲ ಚೆನ್ನಾಗಿ ಕೆಲಸ ಮಾಡುತ್ತಾರೆ ಅಂತ ನೀವೇ ಬರೆದಿದ್ದೀರಿ. ಹಾಗಿದ್ದ ಮೇಲೆ ಇದು ಸೋಮಾರಿತನ ಅಲ್ಲ. ಅವರ ಗಮನ ಬೇರೆ ಎಲ್ಲಿಗೋ ಹೋಗಿದೆ. ಎಲ್ಲಿಗೆ ಅಂತ ಮೊದಲು ನೋಡೋಣ. ಎಫ್‌ಎ-4 (ವರ್ಷದ ನಾಲ್ಕನೇ ಕಿರು ಪರೀಕ್ಷೆ) ಅಂಕ ಇನ್ನೂ ಅಂಕವಹಿಗೆ ಏರಿರಲ್ಲ. ಎಸ್‌ಎ-2 (ವರ್ಷದ ಕೊನೆಯ ಪರೀಕ್ಷೆ) ಪ್ರಶ್ನೆಪತ್ರಿಕೆ ತಲೆಯಲ್ಲಿರುತ್ತೆ. ಮಕ್ಕಳ ಕೆಲಸ ಜೋಡಿಸಿಡುವ ಕೃತಿ ಸಂಪುಟ ಅರ್ಧಕ್ಕೆ ನಿಂತಿರುತ್ತೆ, ಸ್ಯಾಟ್ಸ್‌ಗೆ (ಮಕ್ಕಳ ಮಾಹಿತಿ ತುಂಬುವ ಸರ್ಕಾರಿ ಆನ್‌ಲೈನ್ ವ್ಯವಸ್ಥೆ) ಎಲ್ಲ ಹಾಕಬೇಕು, ಹಗಲು ಹೊತ್ತು ಸರ್ವರ್ ಸಿಗಲ್ಲ. ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಕೊಠಡಿ ಮೇಲ್ವಿಚಾರಕರ ಪಟ್ಟಿಯಲ್ಲಿ ತಮ್ಮ ಹೆಸರು ಬರುತ್ತೋ ಇಲ್ಲವೋ ಅನ್ನೋದು ಒಬ್ಬರ ಚಿಂತೆ. ಇನ್ನೊಬ್ಬರ ಮಗಳೇ ಆ ಪರೀಕ್ಷೆ ಬರೆಯುತ್ತಿರುತ್ತಾಳೆ. ಮತ್ತೊಬ್ಬರು ವರ್ಗಾವಣೆಗೆ ಕಾಯುತ್ತಿರುತ್ತಾರೆ, ಗಂಡ ಒಂದು ಜಿಲ್ಲೆ, ಹೆಂಡತಿ ಒಂದು ಜಿಲ್ಲೆ. ಚುನಾವಣೆ ಇದ್ದ ವರ್ಷ ಅದರ ತರಬೇತಿ ಬೇರೆ. 2024ರ ಬೇಸಿಗೆಯಲ್ಲಿ ಲೋಕಸಭಾ ಚುನಾವಣೆಗೆ ಏಪ್ರಿಲ್ 26 ಮತ್ತು ಮೇ 7ರಂದು ಮತಗಟ್ಟೆಯಲ್ಲಿ ಕೂತವರಲ್ಲಿ ಎಷ್ಟೊಂದು ಜನ ನಮ್ಮ ಮೇಷ್ಟ್ರುಗಳು, ಟೀಚರ್‌ಗಳೇ ಅಲ್ವಾ?

ಇಷ್ಟೆಲ್ಲ ಒಟ್ಟಿಗೆ ಬಂದು ಬೀಳುವ ತಿಂಗಳಲ್ಲಿ ಪಾಠದ ಕಡೆಗೆ ಏನು ಕೆಲಸ ಉಳಿದಿದೆ ಅಂತ ಕೇಳಿ ನೋಡಿ. "ರಿವಿಜನ್" ಅಂತಾರೆ. ನನ್ನ ಪ್ರಕಾರ ಇಡೀ ಸಮಸ್ಯೆ ಇಲ್ಲೇ ಇರೋದು. ಜೂನ್‌ನಲ್ಲಿ ಹಿಂದಿನ ತರಗತಿಯ ಕಲಿಕೆ ಸರಿಮಾಡುವ ಸೇತುಬಂಧ ಇದೆ. ಜುಲೈನಿಂದ ಪಾಠಗಳಿವೆ. ದಸರಾ ರಜೆಗೆ ಮುಂಚೆ ಎಸ್‌ಎ-1 (ಅರ್ಧವಾರ್ಷಿಕ ಪರೀಕ್ಷೆ) ಅನ್ನೋ ಗುರಿ ಇದೆ. ಡಿಸೆಂಬರ್, ಜನವರಿಯಲ್ಲಿ ಪೋರ್ಷನ್ ಮುಗಿಸುವ ಅವಸರ ಇದೆ. ಮಾರ್ಚ್‌ಗೆ ಮಾತ್ರ ಅದರದೇ ಆದ ಕೆಲಸ ಅಂತ ಒಂದು ಇಲ್ಲ. ರಿವಿಜನ್ ಅಂದರೆ ಯಾವ ಮಗುವಿಗೆ, ಯಾವುದನ್ನು, ಯಾವತ್ತಿಗೆ ಮುಗಿಸಬೇಕು ಅಂತ ಏನೂ ಇಲ್ಲದ ಕೆಲಸ. ಅಂಥ ಕೆಲಸದ ಪಕ್ಕದಲ್ಲಿ ಗಡುವು ಇರುವ ರೆಕಾರ್ಡ್ ಕೆಲಸ ಇಟ್ಟರೆ ಯಾರೇ ಆದರೂ ರೆಕಾರ್ಡ್ ಕಡೆಗೇ ಹೋಗುತ್ತಾರೆ. ಬೈದರೆ ಅದು ಬದಲಾಗಲ್ಲ. ಕೊನೆಯ ತಿಂಗಳಿಗೆ ನೀವು ಒಂದು ಕೆಲಸ ಕೊಡಬೇಕು, ರೆಕಾರ್ಡ್ ಕೆಲಸಕ್ಕೆ ಒಂದು ಬೇಲಿ ಹಾಕಬೇಕು. ಉಳಿದದ್ದೆಲ್ಲ ಇವೆರಡರ ಹಿಂದೆ ಬರುತ್ತೆ.

ಇದು ಸಣ್ಣ ವಿಷಯವೂ ಅಲ್ಲ. ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆ ಪ್ರಕಾರ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ಕೆಲಸದ ದಿನ, ಆರರಿಂದ ಎಂಟಕ್ಕೆ 220. ಮಾರ್ಚ್ 1ರಿಂದ, ಬೇಸಿಗೆ ರಜೆಗೆ ಮುಂಚಿನ ಕೊನೆಯ ದಿನವಾದ ಏಪ್ರಿಲ್ 10ರವರೆಗೆ ಭಾನುವಾರ, ಯುಗಾದಿ, ಬೇರೆ ರಜೆ ಎಲ್ಲ ಬಿಟ್ಟರೂ ಸುಮಾರು 30 ದಿನ ಸಿಗುತ್ತೆ. ಆ 200ರ ಲೆಕ್ಕದಲ್ಲಿ ಏಳನೇ ಒಂದು ಪಾಲಿಗೂ ಜಾಸ್ತಿ. ಮನೆಯಲ್ಲಿ ಓದು ಹೇಳಿಕೊಡುವವರು ಯಾರೂ ಇಲ್ಲದ ಮಗುವಿಗೆ ಈ 30 ದಿನ ಹೋದರೆ ಮುಂದೆ ಏಪ್ರಿಲ್, ಮೇ ಹೇಗೂ ಹೋಗುತ್ತೆ. ಅಂದರೆ ಮೂರು ತಿಂಗಳು ಅಕ್ಷರದ ಸಂಬಂಧವೇ ಇಲ್ಲ. ಜೂನ್‌ನಲ್ಲಿ ನಾಲ್ಕನೇ ತರಗತಿ ಟೀಚರ್ "ಹಿಂದಿನವರು ಏನೂ ಕಲಿಸಿಲ್ಲ" ಅನ್ನೋದು ಇದೇ ಕಾರಣಕ್ಕೆ. ಕಲಿಸಿರುತ್ತಾರೆ. ಫೆಬ್ರವರಿಗೇ ನಿಂತಿರುತ್ತೆ.

ಈಗ ಕೆಲಸದ ವಿಷಯ. ನಾನು ಹೇಳೋದು ಒಂದೇ ಕೆಲಸ. ಪ್ರತಿ ಶಿಕ್ಷಕರೂ ತಮ್ಮ ತರಗತಿಯ ಪ್ರತಿ ಮಗುವಿನ ಬಗ್ಗೆ ಮುಂದಿನ ವರ್ಷದ ಶಿಕ್ಷಕರಿಗೆ ಅರ್ಧ ಹಾಳೆ ಬರೆದುಕೊಡಬೇಕು. ಅಂಕ ಬೇಡ, ಗ್ರೇಡ್ ಬೇಡ. ಮಗು ಎಲ್ಲಿಯವರೆಗೆ ಬಂದಿದೆ, ಎಲ್ಲಿ ನಿಂತಿದೆ, ಹೇಗೆ ಹೇಳಿದರೆ ತಿಳಿಯುತ್ತೆ, ಇಷ್ಟೇ. ಇನ್ನೂ ಒಂದು ರೆಕಾರ್ಡ್ ಜಾಸ್ತಿ ಮಾಡಿದರಲ್ಲ ಅಂತ ಮೊದಲು ಎಲ್ಲರೂ ಅಂತಾರೆ. ಒಂದು ಹಾಳೆ ಹೇಗಿರುತ್ತೆ ಅಂತ ತೋರಿಸಿದರೆ ಆ ಮಾತು ನಿಲ್ಲುತ್ತೆ. ಮೂರನೇ ತರಗತಿಯ ಹುಡುಗಿಯೊಬ್ಬಳ ಹಾಳೆ ಹೀಗಿರಬಹುದು:

"ಓದು: ಗುಣಿತಾಕ್ಷರ ಸರಾಗ. ಅಕ್ಕ, ಅಮ್ಮ, ಕಲ್ಲು ಓದುತ್ತಾಳೆ. ಪುಸ್ತಕ, ಕಷ್ಟ, ರಸ್ತೆ ಬಂದರೆ ಬಿಟ್ಟು ಮುಂದೆ ಹೋಗುತ್ತಾಳೆ. ಲೆಕ್ಕ: 52ರಲ್ಲಿ 27 ಕಳೆದು 35 ಬರೆಯುತ್ತಾಳೆ. ದಶಕ ತಗೊಳ್ಳಲ್ಲ, ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದುಬಿಡುತ್ತಾಳೆ. ಕಡ್ಡಿ ಕಟ್ಟು ಕೈಗೆ ಕೊಟ್ಟರೆ ಸರಿ ಮಾಡುತ್ತಾಳೆ. ಮನೆಯಲ್ಲಿ ಲಂಬಾಣಿ ಮಾತು. ಮೊದಲು ಮಾತಾಡಿಸಿ, ಆಮೇಲೆ ಓದಿಸಿ. ಬೇಸಿಗೆಯಲ್ಲಿ ಅಪ್ಪ ಅಮ್ಮನ ಜೊತೆ ಮಂಗಳೂರು ಕಡೆ ಹೋಗುತ್ತಾಳೆ, ಜೂನ್ ಕೊನೆಗೆ ಬರಬಹುದು. ಅಜ್ಜಿ ಊರಲ್ಲೇ ಇರುತ್ತಾರೆ, ಅವರನ್ನು ಕೇಳಿ."

ನೋಡಿ, ಇಷ್ಟೇ. ಪ್ರಗತಿ ಪತ್ರದಲ್ಲಿ ಈ ಹುಡುಗಿಗೆ ಬಿ ಪ್ಲಸ್ ಅಂತ ಇರುತ್ತೆ. ಅದನ್ನು ನೋಡಿ ನಾಲ್ಕನೇ ತರಗತಿಯವರು ಏನು ಮಾಡಬೇಕು? ಈ ಹಾಳೆ ಇದ್ದರೆ ಜೂನ್ ಮೊದಲ ದಿನವೇ ಗೊತ್ತಾಗುತ್ತೆ: ಒತ್ತಕ್ಷರದಲ್ಲಿ ಅದೇ ಅಕ್ಷರದ ಒತ್ತು ಬಂದರೆ ಓದುತ್ತಾಳೆ, ಬೇರೆ ಅಕ್ಷರದ ಒತ್ತು ಬಂದರೆ ನಿಲ್ಲುತ್ತಾಳೆ. ಕಲಿಸಬೇಕಾದದ್ದು ಅದೊಂದೇ. ಸೇತುಬಂಧದ ಪೂರ್ವ ಪರೀಕ್ಷೆಗೆ ಹೋಗುವ ಎಷ್ಟೋ ದಿನ ಉಳಿಯುತ್ತೆ.

ಆದರೆ ನಾನು ಇದನ್ನು ಹೇಳುತ್ತಿರುವುದು ಜೂನ್‌ಗೋಸ್ಕರ ಮಾತ್ರ ಅಲ್ಲ. ಈ ಹಾಳೆ ಬರೆಯಬೇಕೆಂದರೆ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲೇಬೇಕು. ಓದಿಸಬೇಕು, ಲೆಕ್ಕ ಮಾಡಿಸಬೇಕು, ಮಾತಾಡಿಸಬೇಕು. ಸ್ಟಾಫ್ ರೂಮಿನಲ್ಲಿ ಕೂತು ಬರೆಯುವ ಕೆಲಸ ಅಲ್ಲ ಇದು. ತರಗತಿಯಲ್ಲಿ 25 ಮಕ್ಕಳಿದ್ದರೆ ದಿನಕ್ಕೆ ಇಬ್ಬರಂತೆ 13 ದಿನದಲ್ಲಿ ಮುಗಿಯುತ್ತೆ. ಒಬ್ಬರಿಗೆ ಹತ್ತು ನಿಮಿಷ ಸಾಕು. ಇನ್ನೊಂದು ಸಂಗತಿ ನಾನು ಶಾಲೆಯಿಂದ ಶಾಲೆಗೆ ನೋಡಿದ್ದೇನೆ. "ದಶಕ ತಗೊಳ್ಳಲ್ಲ" ಅಂತ ತನ್ನ ಕೈಯಾರೆ ಬರೆದ ಟೀಚರ್ ಸುಮ್ಮನೆ ಹಾಳೆ ಮಡಚಿಟ್ಟು ಏಳಲ್ಲ. ಇದನ್ನು ಹೀಗೇ ಬರೆದುಕೊಡೋದಾ ಅಂತ ಮನಸ್ಸಿಗೆ ಬರುತ್ತೆ. ಮಾರನೇ ದಿನ ಕಡ್ಡಿ ಕಟ್ಟು ಹೊರಗೆ ಬರುತ್ತೆ. ನೀವು ಹೇಳಬೇಕಾಗಿಯೇ ಇಲ್ಲ. ಏಪ್ರಿಲ್ ಮೊದಲ ವಾರದಲ್ಲಿ ಹಾಳೆಯ ಕೆಲವು ಸಾಲು ಹೊಡೆದು ಹಾಕಿ "ಈಗ ಬರುತ್ತೆ" ಅಂತ ಬರೆದಿರುತ್ತಾರೆ. ಆ ಹೊಡೆದು ಹಾಕಿದ ಸಾಲು ಕಂಡರೆ ನಿಮ್ಮ ಶಾಲೆಯಲ್ಲಿ ಮಾರ್ಚ್ ಚೆನ್ನಾಗಿ ನಡೆದಿದೆ ಅಂತ ಅರ್ಥ.

ನಲಿ-ಕಲಿ, ಅಂದರೆ ಚಿಕ್ಕ ತರಗತಿಯ ಮಕ್ಕಳು ತಮ್ಮ ತಮ್ಮ ವೇಗದಲ್ಲಿ ಚಟುವಟಿಕೆ ಮಾಡುತ್ತಾ ಕಲಿಯುವ ತರಗತಿಯವರಿಗೆ ಇದು ಹೊಸದಲ್ಲ. ಕಲಿಕೆಯ ಏಣಿ, ಅದರ ಮೈಲುಗಲ್ಲು, ಮಗು ಎಲ್ಲಿದೆ ಅಂತ ಗುರುತು ಹಾಕುವ ಪ್ರಗತಿ ನೋಟ ಎಲ್ಲ ಅವರ ಬಳಿ ಇದ್ದೇ ಇದೆ. ಮಗು ಎಲ್ಲಿ ನಿಂತಿತೋ ಅಲ್ಲಿಂದಲೇ ಮುಂದೆ ಹೋಗಬೇಕು ಅನ್ನೋದೇ ನಲಿ-ಕಲಿಯ ಮೂಲ ಆಲೋಚನೆ. 1995ರಲ್ಲಿ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಶುರುವಾದಾಗಿನಿಂದಲೂ ಅದು ಹಾಗೇ ಇದೆ. ಹಾಗಾಗಿ ಪ್ರಗತಿ ನೋಟವನ್ನು ಕೊನೆ ದಿನ ಒಂದೇ ಸಲ ತುಂಬಿಸಬೇಡಿ ಅಂತ ಅವರಿಗೆ ಹೇಳಿದರೆ ಸಾಕು. ಎಲ್ಲ ಮಕ್ಕಳನ್ನೂ ಒಂದೇ ಮೈಲುಗಲ್ಲಿಗೆ ತಂದು ನಿಲ್ಲಿಸಿದ ಪ್ರಗತಿ ನೋಟ ಕಂಡರೆ ಅದು ಮಕ್ಕಳನ್ನು ನೋಡಿ ತುಂಬಿಸಿದ್ದಲ್ಲ ಅಂತ ಯಾರಿಗಾದರೂ ತಿಳಿಯುತ್ತೆ.

ಇನ್ನು ಬೇಲಿ. ದಿನದ ಮೊದಲ ಎರಡು ಪೀರಿಯಡ್ ಯಾರೂ ಮುಟ್ಟಬಾರದು. ಆ ಹೊತ್ತಿನಲ್ಲಿ ಅಂಕವಹಿ ಇಲ್ಲ, ಮೊಬೈಲ್ ಇಲ್ಲ, ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಕೇಳಿದ ಮಾಹಿತಿ ಇಲ್ಲ. ಇಡೀ ದಿನ ಪಾಠ ಮಾಡಿ ಅಂತ ಮಾರ್ಚ್‌ನಲ್ಲಿ ಹೇಳಿದರೆ ಅರ್ಧ ಗಂಟೆಯೂ ನಡೆಯಲ್ಲ. ಎರಡು ಪೀರಿಯಡ್ ಅಂದರೆ ನಡೆಯುತ್ತೆ, ಒಂದು ವಾರ ನಡೆದರೆ ಅದು ಮೂರಾಗುತ್ತೆ. ನಿಮ್ಮ ಕಡೆ ಬಿಸಿಲು ಏರಿ ಬೆಳಗಿನ ಶಾಲೆ ಆದೇಶ ಬಂದಾಗಲೂ ಈ ಎರಡು ಪೀರಿಯಡ್ ಹಾಗೇ ಇರಲಿ. ಬೆಳಗ್ಗೆ ಎಂಟಕ್ಕೆ ಮಕ್ಕಳ ತಲೆ ತಂಪಾಗಿರುತ್ತೆ. ಹನ್ನೊಂದರ ಮೇಲೆ ಹೇಗೂ ಕಷ್ಟ.

ಈ ಬೇಲಿ ಉಳಿಯಬೇಕೆಂದರೆ ಒಂದು ಷರತ್ತು ಇದೆ. ಮೊದಲ ಪೀರಿಯಡ್ ನೀವೂ ಒಂದು ಕ್ಲಾಸ್ ತಗೊಳ್ಳಬೇಕು. ನಿಮ್ಮ ಟೇಬಲ್ ಮೇಲೆ ಏನಿದೆ ಅಂತ ನನಗೆ ಗೊತ್ತು. ಮಾರ್ಚ್ 31ಕ್ಕೆ ಹಣಕಾಸು ವರ್ಷ ಮುಗಿಯುತ್ತೆ, ಶಾಲಾ ಅನುದಾನ ಖರ್ಚಾಗಬೇಕು, ಹಣ ಬಳಕೆ ಪ್ರಮಾಣಪತ್ರಕ್ಕೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರ ಸಹಿ ಬೇಕು, ಅವರು ಹೊಲದಲ್ಲಿರುತ್ತಾರೆ. ಬಿಸಿಯೂಟದ ದಾಸ್ತಾನು ವಹಿ, ಹಾಲಿನ ಪುಡಿಯ ಲೆಕ್ಕ, ಮೊಟ್ಟೆಯ ಲೆಕ್ಕ. ಇದೆಲ್ಲ ಇದ್ದರೂ ಆ 40 ನಿಮಿಷ ನೀವು ಐದನೇ ತರಗತಿಯಲ್ಲಿ ಕೈಯಲ್ಲಿ ಸೀಮೆಸುಣ್ಣ ಹಿಡಿದು ನಿಂತಿದ್ದರೆ ಕಾರಿಡಾರಿನಲ್ಲಿ ಯಾರೂ ಮಾತಾಡುತ್ತಾ ನಿಲ್ಲಲ್ಲ. ಸೀನಿಯರ್‌ಗಳಿಗೆ ಇದಕ್ಕಿಂತ ಬೇರೆ ಮಾತು ಬೇಕಿಲ್ಲ. ಅನುದಾನದ ಕೆಲಸವನ್ನು ಮುಂದಿನ ವರ್ಷದಿಂದ ಫೆಬ್ರವರಿಯಲ್ಲೇ ಮುಗಿಸುವ ಅಭ್ಯಾಸ ಮಾಡಿಕೊಳ್ಳಿ. ಬಣ್ಣ, ಸೀಮೆಸುಣ್ಣ, ಆಟದ ಸಾಮಾನು ಮಾರ್ಚ್ 28ಕ್ಕೇ ತರಬೇಕು ಅಂತ ಯಾರೂ ಹೇಳಿಲ್ಲ.

ರೆಕಾರ್ಡ್ ಕೆಲಸಕ್ಕೆ ಗೋಡೆ ಮೇಲೆ ಒಂದು ದೊಡ್ಡ ಹಾಳೆ ಅಂಟಿಸಿ. ಏನು ಕೆಲಸ, ಯಾರು, ಯಾವತ್ತಿಗೆ. ಮೂರೇ ಕಾಲಂ. ಈ ಹಾಳೆ ಇಲ್ಲದಿದ್ದರೆ ಪ್ರತಿಯೊಬ್ಬರ ತಲೆಯಲ್ಲೂ ಎಲ್ಲ ಕೆಲಸವೂ ಒಟ್ಟಿಗೆ ಕೂತಿರುತ್ತೆ, ಆ ಭಾರದಿಂದಲೇ ಅರ್ಧ ದಣಿವು. ಸ್ಯಾಟ್ಸ್ ಎಂಟ್ರಿಯನ್ನು ಏಳು ಜನ ಏಳು ಫೋನಿನಲ್ಲಿ ಮಾಡೋದು ಬೇಡ. ಕಂಪ್ಯೂಟರ್ ಚೆನ್ನಾಗಿ ಗೊತ್ತಿರುವ ಒಬ್ಬರಿಗೆ ಒಪ್ಪಿಸಿ. ಅವರು ಎಂಟ್ರಿ ಮಾಡುವಾಗ ಅವರ ತರಗತಿಯನ್ನು ಬೇರೆಯವರು ನೋಡಿಕೊಳ್ಳಲಿ, ಅದನ್ನೂ ಆ ಹಾಳೆಯಲ್ಲೇ ಬರೆಯಿರಿ. ಉಳಿದವರು ಅಂಕಗಳನ್ನು ತಪ್ಪಿಲ್ಲದೆ ಒಂದು ಪಟ್ಟಿಯಲ್ಲಿ ಬರೆದು ಅವರಿಗೆ ಕೊಟ್ಟರಾಯಿತು. ಎಸ್‌ಎ-2 ಉತ್ತರ ಪತ್ರಿಕೆಯನ್ನು ಆಯಾ ದಿನ ಸಂಜೆಯೇ ತಿದ್ದುವುದು ಅಂತ ಮೊದಲೇ ಮಾತಾಡಿಕೊಳ್ಳಿ. ಸಣ್ಣ ಶಾಲೆಗಳಲ್ಲಿ ಇದು ಕಷ್ಟವಲ್ಲ. ಆರು ವಿಷಯದ ಪತ್ರಿಕೆ ಒಟ್ಟುಮಾಡಿ ಕೊನೆಗೆ ತಿದ್ದೋಣ ಅಂದಾಗಲೇ ಕೊನೆಯ ವಾರ ಪೂರ್ತಿ ಹೋಗೋದು.

ವಾಟ್ಸ್‌ಆ್ಯಪ್ ಬಗ್ಗೆ ಒಂದು ಮಾತು ಹೇಳಲೇಬೇಕು. 2024ರ ಮಾರ್ಚ್ ನೆನಪಿದೆ ಅಲ್ವಾ? ಐದು, ಎಂಟು, ಒಂಬತ್ತನೇ ತರಗತಿಯ ಮೌಲ್ಯಾಂಕನ ಪರೀಕ್ಷೆ ಶುರುವಾಗಿ ಎರಡು ದಿನಕ್ಕೆ ಕೋರ್ಟ್ ತಡೆಯಿಂದ ನಿಂತಿತು. ಮತ್ತೆ ಹೈಕೋರ್ಟ್ ಒಪ್ಪಿ ನಡೆಯಿತು. ಏಪ್ರಿಲ್ 8ಕ್ಕೆ ಸುಪ್ರೀಂ ಕೋರ್ಟ್ ಫಲಿತಾಂಶಕ್ಕೆ ತಡೆ ಕೊಟ್ಟಿತು. ಆ ತಿಂಗಳು ಎಷ್ಟು ಶಾಲೆಗಳಲ್ಲಿ ಪಾಠಕ್ಕಿಂತ ಫೋನ್ ನೋಡಿದ್ದೇ ಜಾಸ್ತಿ. ಅಷ್ಟು ದೊಡ್ಡದಲ್ಲದಿದ್ದರೂ ಪ್ರತಿ ಮಾರ್ಚ್‌ನಲ್ಲೂ ಇಂಥದ್ದು ಏನಾದರೂ ಇರುತ್ತೆ: ರಜೆ ಮೊದಲೇ ಶುರುವಾಗುತ್ತಂತೆ, ವರ್ಗಾವಣೆ ವೇಳಾಪಟ್ಟಿ ಬಂತಂತೆ, ಹೆಚ್ಚುವರಿ ಶಿಕ್ಷಕರ ಪಟ್ಟಿಯಲ್ಲಿ ನಮ್ಮ ಶಾಲೆ ಇದೆಯಂತೆ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಿಂದ ಬರವಣಿಗೆಯಲ್ಲಿ ಬಂದದ್ದನ್ನು ಮಾತ್ರ ನಾನು ಹೇಳುತ್ತೇನೆ, ಬಂದ ದಿನವೇ ಎಲ್ಲರಿಗೂ ಹೇಳುತ್ತೇನೆ ಅಂತ ನೀವು ಒಮ್ಮೆ ಹೇಳಿ, ಹಾಗೇ ನಡೆದುಕೊಳ್ಳಿ. ಮೇಡಂ ಹೇಳಿಲ್ಲ ಅಂದರೆ ಇನ್ನೂ ಬಂದಿಲ್ಲ ಅಂತ ಜನಕ್ಕೆ ನಂಬಿಕೆ ಬಂದರೆ ಅರ್ಧ ಗದ್ದಲ ಅಲ್ಲೇ ತಣ್ಣಗಾಗುತ್ತೆ.

ಈಗ ಒಬ್ಬೊಬ್ಬರ ವಿಷಯ. ಎಲ್ಲರನ್ನೂ ಕೂರಿಸಿ ಮೀಟಿಂಗ್‌ನಲ್ಲಿ ಹೇಳಿದ್ದು ಯಾರಿಗೂ ತಾಕಲ್ಲ, ಪಕ್ಕದವರಿಗೆ ಹೇಳಿದ್ದು ಅಂದುಕೊಳ್ಳುತ್ತಾರೆ. ಒಬ್ಬೊಬ್ಬರ ಜೊತೆ ಬೇರೆಯಾಗಿ ಮಾತಾಡಿ. "ಈ ತಿಂಗಳು ನಿಮಗೆ ಏನು ಚಿಂತೆ ಇದೆ?" ಅಂತ ಮೊದಲು ಕೇಳಿ, ಪಾಠದ ಮಾತು ಆಮೇಲೆ. ಮಗಳ ಎಸ್‌ಎಸ್‌ಎಲ್‌ಸಿ ಅಂದರೆ, ಪರೀಕ್ಷೆ ದಿನ ಬೆಳಗ್ಗೆ ಅವಳನ್ನು ಕೇಂದ್ರಕ್ಕೆ ಬಿಟ್ಟು ಬರಲು ಅನುಮತಿ ಕೊಡಿ, ಚಲನವಲನ ವಹಿಯಲ್ಲಿ ಬರೆಸಿ, ಆ ಒಂದು ಪೀರಿಯಡ್ ನೀವೇ ನೋಡಿಕೊಳ್ಳಿ. ಕದ್ದು ಹೋಗುವುದಕ್ಕಿಂತ ಹೇಳಿ ಹೋಗುವುದು ಶಾಲೆಗೂ ಒಳ್ಳೆಯದು. ಹಾಗೆ ಹೋಗಿ ಬಂದವರು ಉಳಿದ ದಿನ ಮನಸ್ಸಿಟ್ಟು ಕೆಲಸ ಮಾಡುತ್ತಾರೆ.

ಅತಿಥಿ ಶಿಕ್ಷಕರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಏಕೆಂದರೆ ಮಾರ್ಚ್‌ನಲ್ಲಿ ಎಲ್ಲರಿಗಿಂತ ಕಷ್ಟ ಅವರದು. ಶಾಲೆ ಮುಗಿದರೆ ಅವರ ಕೆಲಸವೂ ಮುಗಿಯುತ್ತೆ. ಬೇಸಿಗೆಯಲ್ಲಿ ಗೌರವಧನ ಇಲ್ಲ. ಜೂನ್‌ನಲ್ಲಿ ಇದೇ ಶಾಲೆ ಸಿಗುತ್ತೆ ಅನ್ನೋ ಖಾತ್ರಿ ಇಲ್ಲ. ಖಾಸಗಿ ಶಾಲೆಗಳು ಸಂದರ್ಶನ ಮಾಡೋದು ಮಾರ್ಚ್, ಏಪ್ರಿಲ್‌ನಲ್ಲೇ. ಇಂಥ ಹೊತ್ತಿನಲ್ಲಿ ಅವರಿಗೆ "ಗಮನ ಇಟ್ಟು ಪಾಠ ಮಾಡಿ" ಅಂತ ಬರೀ ಬಾಯಲ್ಲಿ ಹೇಳೋದು ನ್ಯಾಯ ಅಲ್ಲ. ನೀವು ಮಾಡಬಹುದಾದದ್ದು ಇದೆ. ಕೊನೆಯ ಕೆಲಸದ ದಿನ ಯಾವುದು ಅಂತ ಸ್ಪಷ್ಟವಾಗಿ ಹೇಳಿ. ಬಾಕಿ ಗೌರವಧನದ ಬಿಲ್ ಹೋಗಿದೆಯಾ ಅಂತ ನೀವೇ ಬಿಇಒ ಕಚೇರಿಯಲ್ಲಿ ವಿಚಾರಿಸಿ, ಅವರನ್ನು ಅಲೆಸಬೇಡಿ. ಸೇವಾ ಪ್ರಮಾಣಪತ್ರವನ್ನು ಕೇಳುವ ಮುಂಚೆಯೇ ಬರೆದು, ಸೀಲ್ ಹಾಕಿ ಕೊಡಿ. ಸಂದರ್ಶನಕ್ಕೆ ಹೋಗಬೇಕಾದ ದಿನ ಮೊದಲೇ ಹೇಳಿದರೆ ಬಿಡಿ. ಇಷ್ಟು ಮಾಡಿದ ಮೇಲೆ ಆ ಅರ್ಧ ಹಾಳೆಯ ಕೆಲಸ ಅವರಿಗೆ ಕೊಡಿ. ಅವರ ಹಾಳೆ ಎಲ್ಲರ ಹಾಳೆಗಿಂತ ಮುಖ್ಯ, ಏಕೆಂದರೆ ಜೂನ್‌ನಲ್ಲಿ ಕೇಳೋಣ ಅಂದರೆ ಅವರು ಇರಲ್ಲ. ಇದನ್ನು ಅವರಿಗೆ ಹಾಗೇ ಹೇಳಿ. ತಾನು ಹೋದ ಮೇಲೂ ತನ್ನ ಕೆಲಸ ಇಲ್ಲಿ ಬೇಕಾಗುತ್ತೆ ಅಂತ ಗೊತ್ತಾದರೆ ಮನುಷ್ಯ ಬೇರೆ ಥರ ಕೆಲಸ ಮಾಡುತ್ತಾನೆ.

ನಿಮ್ಮ ಇಬ್ಬರು ಸೀನಿಯರ್‌ಗಳಲ್ಲಿ ಯಾರಾದರೂ ಈ ವರ್ಷ ನಿವೃತ್ತಿ ಆಗುವವರಿದ್ದಾರಾ? ನೀವು ಬರೆದಿಲ್ಲ, ಆದರೂ ಹೇಳುತ್ತೇನೆ. ನಮ್ಮಲ್ಲಿ ಆ ತಲೆಮಾರಿನ ಎಷ್ಟೋ ಜನರ ಹುಟ್ಟಿದ ದಿನ ದಾಖಲೆಯಲ್ಲಿ ಜೂನ್ 1. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ದಿನಾಂಕ ಅದು. ಹಾಗಾಗಿ 60 ತುಂಬುವ ಲೆಕ್ಕದಲ್ಲಿ ಮೇ 31ಕ್ಕೆ ನಿವೃತ್ತಿ. ಆದರೆ ಮಕ್ಕಳ ಜೊತೆ ಅವರಿಗೆ ನಿಜವಾದ ಕೊನೆಯ ದಿನಗಳು ಏಪ್ರಿಲ್ 10ಕ್ಕೇ ಮುಗಿಯುತ್ತವೆ, ಆಮೇಲೆ ಬೇಸಿಗೆ ರಜೆ. ಇದನ್ನು ಯಾರೂ ಅವರಿಗೆ ನೆನಪಿಸಲ್ಲ. ಪಿಂಚಣಿ ಕಾಗದ, ಸೇವಾ ಪುಸ್ತಕದ ಓಡಾಟದಲ್ಲಿ ಅವರಿಗೂ ಮರೆತಿರುತ್ತೆ. ಅಂಥವರು ಇದ್ದರೆ ಮಾರ್ಚ್‌ನಲ್ಲಿ ಅವರನ್ನು ರೆಕಾರ್ಡ್ ಕೆಲಸದಿಂದ ಪೂರ್ತಿ ಬಿಡಿಸಿ. ಅವರಿಗೆ ತುಂಬ ಚೆನ್ನಾಗಿ ಬರುವ ಒಂದು ಪಾಠ ಇರುತ್ತಲ್ಲ, ಭಿನ್ನರಾಶಿಯೋ, ವ್ಯಾಕರಣವೋ, ನಕ್ಷೆ ಓದುವುದೋ, ಅದನ್ನು ನಾಲ್ಕರಿಂದ ಏಳನೇ ತರಗತಿವರೆಗೆ ಎಲ್ಲರಿಗೂ ಮಾಡಲು ಕೇಳಿಕೊಳ್ಳಿ. ಇಬ್ಬರು ಕಿರಿಯ ಶಿಕ್ಷಕರು ಹಿಂದೆ ಕೂತು ನೋಡಲಿ. ಮೂವತ್ತು ವರ್ಷ ಪಾಠ ಮಾಡಿದವರ ಕೈಚಳಕ ಅವರ ಜೊತೆಗೇ ಹೋಗಿಬಿಡಬಾರದು.

ಎಸ್‌ಎ-2 ಮುಗಿದ ಮೇಲೆ ಫಲಿತಾಂಶದವರೆಗೆ ಉಳಿಯುವ ದಿನಗಳು ಅತಿ ಕಷ್ಟದವು. ಮಕ್ಕಳಿಗೂ ಪರೀಕ್ಷೆ ಮುಗಿಯಿತು ಅನ್ನೋ ಭಾವನೆ, ಹಾಜರಾತಿ ಇಳಿಯುತ್ತೆ, ಊರ ಜಾತ್ರೆ ಇದ್ದರಂತೂ ಕೇಳಲೇಬೇಡಿ. ಬರುವ ಮಕ್ಕಳಲ್ಲಿ ಕೆಲವರು ಬಿಸಿಯೂಟಕ್ಕೇ ಬರುತ್ತಾರೆ. ಬರಲಿ, ಅದು ತಪ್ಪಲ್ಲ. ಈ ದಿನಗಳಲ್ಲಿ ತರಗತಿವಾರು ಪಾಠ ಮಾಡಲು ಹೋಗಬೇಡಿ, ಹಟ ಮಾಡಿ ಮಾಡಿದರೆ ಎಲ್ಲರಿಗೂ ಬೇಸರ. ಏಳನೇ ತರಗತಿಯವರನ್ನು ನಲಿ-ಕಲಿ ಮಕ್ಕಳ ಜೊತೆ ಜೋಡಿ ಮಾಡಿ. ಲೈಬ್ರರಿ ಬೀರು ತೆಗೆದು ಪುಸ್ತಕ ಹರಡಿ, ದೊಡ್ಡವರು ಚಿಕ್ಕವರಿಗೆ ಓದಿ ಹೇಳಲಿ, ಆಮೇಲೆ ಚಿಕ್ಕವರು ಓದಲಿ. ಶಿಕ್ಷಕರು ಅಲ್ಲೇ ಓಡಾಡುತ್ತಾ ತಮ್ಮ ಹಾಳೆಯಲ್ಲಿ ಬಾಕಿ ಇರುವ ಮಕ್ಕಳನ್ನು ನೋಡಬಹುದು. ನಾಲ್ಕು, ಐದನೇ ತರಗತಿಯಲ್ಲಿ ಇನ್ನೂ ಓದು ಬಾರದವರು ಯಾರು ಅಂತ ಈ ಜೋಡಿ ಓದಿನಲ್ಲಿ ಮಗುವಿಗೆ ನಾಚಿಕೆಯಾಗದಂತೆ ಹೊರಗೆ ಬರುತ್ತೆ. ಪರೀಕ್ಷೆಯಲ್ಲಿ ಅಷ್ಟು ಸ್ಪಷ್ಟವಾಗಿ ಬರಲ್ಲ.

ಏಳನೇ ತರಗತಿಯ ಬೀಳ್ಕೊಡುಗೆ ಒಂದು ಮಧ್ಯಾಹ್ನಕ್ಕೆ ಇರಲಿ. ಅದರ ಡ್ಯಾನ್ಸ್ ಪ್ರಾಕ್ಟೀಸ್ ಎರಡು ವಾರ ತಿನ್ನಲು ಬಿಡಬೇಡಿ. ವಾರ್ಷಿಕೋತ್ಸವ ಮಾಡುವುದಾದರೆ ಜನವರಿ, ಫೆಬ್ರವರಿಯಲ್ಲೇ ಮುಗಿಸಿ.

ಅಡುಗೆಯವರನ್ನು ಮರೆಯಬೇಡಿ, ಅವರೂ ನಿಮ್ಮ ಸಿಬ್ಬಂದಿಯೇ. ಅವರಿಗೆ ಗೌರವಧನ ಇರುವುದು ವರ್ಷಕ್ಕೆ ಹತ್ತು ತಿಂಗಳ ಲೆಕ್ಕದಲ್ಲಿ, ಅಂದರೆ ರಜೆಯಲ್ಲಿ ಅವರ ಕೈಯೂ ಖಾಲಿ. ಏಪ್ರಿಲ್‌ವರೆಗೂ ಊಟದ ರುಚಿ ಕೆಡದಂತೆ ನೋಡಿಕೊಂಡವರಿಗೆ ಶನಿವಾರದ ಮೀಟಿಂಗ್‌ನಲ್ಲಿ ಹೆಸರು ಹೇಳಿ ಒಂದು ಮಾತು ಹೇಳಿ.

ಶನಿವಾರ ಅಂದೆನಲ್ಲ, ಆ ಮೀಟಿಂಗ್ ವಾರಕ್ಕೊಂದು ಸಾಕು. ಶಾಲೆ ಬಿಟ್ಟ ಮೇಲೆ, ಅರ್ಧ ಗಂಟೆ, ಚಹಾ ತರಿಸಿ. ಪ್ರತಿಯೊಬ್ಬರೂ ಈ ವಾರ ನೋಡಿದ ಮಕ್ಕಳಲ್ಲಿ ಒಬ್ಬರ ಹಾಳೆ ಓದಲಿ. ಸುತ್ತೋಲೆ, ಮಾಹಿತಿ ಅಲ್ಲಿ ಬೇಡ, ಅದಕ್ಕೆ ಗೋಡೆಯ ಹಾಳೆ ಇದೆ. ಮೂರನೇ ತರಗತಿಯವರು "ಪುಸ್ತಕ ಅನ್ನೋ ಪದ ಬಿಟ್ಟು ಹೋಗುತ್ತಾಳೆ" ಅಂದರೆ ಆರನೇ ತರಗತಿಯವರು "ನನ್ನ ಕ್ಲಾಸಿನಲ್ಲೂ ಇಬ್ಬರು ಹಾಗೇ ಇದ್ದಾರೆ" ಅಂತಾರೆ, ಮಾತು ಶುರುವಾಗುತ್ತೆ. ತಡವಾಗಿ ಬರುವವರ ಬಗ್ಗೆ ಅಲ್ಲಿ ಮಾತಾಡಬೇಡಿ. ಈ ಎಲ್ಲ ಮಾಡಿದ ಮೇಲೂ ಒಬ್ಬರು ಕ್ಲಾಸಿಗೆ ಹೋಗದಿದ್ದರೆ ಅವರಿಗೊಬ್ಬರಿಗೇ, ಬಾಗಿಲು ಹಾಕಿಕೊಂಡು, ನೇರವಾಗಿ ಹೇಳಿ. ಅದಕ್ಕೂ ಬಗ್ಗದಿದ್ದರೆ ಆಗ ಬರವಣಿಗೆ. ಅಲ್ಲಿಯವರೆಗೆ ಬರುವುದು ಅಪರೂಪ.

ಏಪ್ರಿಲ್ 10ರಂದು ಪ್ರಗತಿ ಪತ್ರ ಕೊಡುವಾಗ ತಂದೆ ತಾಯಿ ಬರುತ್ತಾರೆ. ಆ ದಿನ ಪ್ರತಿ ಶಿಕ್ಷಕರೂ ತಮ್ಮ ಅರ್ಧ ಹಾಳೆಗಳನ್ನು ಕೈಯಲ್ಲಿ ಹಿಡಿದು ಕೂರಲಿ. "ನಿಮ್ಮ ಹುಡುಗಿ ಚೆನ್ನಾಗಿದ್ದಾಳೆ, ಸ್ವಲ್ಪ ಓದಿಸಿ" ಅಂತ ಹೇಳುವುದಕ್ಕೂ, "ಅಕ್ಕ, ಅಮ್ಮ ಓದುತ್ತಾಳೆ, ಪುಸ್ತಕ, ರಸ್ತೆ ಓದುವಾಗ ನಿಲ್ಲುತ್ತಾಳೆ, ಬಸ್ಸಿನ ಬೋರ್ಡು ಕಂಡಾಗಲೆಲ್ಲ ಓದಲು ಹೇಳಿ" ಅಂತ ಹೇಳುವುದಕ್ಕೂ ತುಂಬ ಅಂತರ ಇದೆ. ಮಗುವನ್ನು ಖಾಸಗಿ ಶಾಲೆಗೆ ಸೇರಿಸೋಣ್ವಾ ಅಂತ ಮನೆಯಲ್ಲಿ ಮಾತು ನಡೆಯೋದು ಇದೇ ಏಪ್ರಿಲ್, ಮೇ ತಿಂಗಳಲ್ಲಿ. ದಾಖಲಾತಿ ಆಂದೋಲನ ಅಂತ ಜೂನ್‌ನಲ್ಲಿ ಮನೆ ಮನೆಗೆ ಹೋಗುತ್ತೇವೆ, ಅಷ್ಟು ಹೊತ್ತಿಗೆ ಎಷ್ಟೋ ಮನೆಗಳಲ್ಲಿ ತೀರ್ಮಾನ ಆಗಿರುತ್ತೆ. ತನ್ನ ಮಗುವಿನ ಬಗ್ಗೆ ಟೀಚರ್‌ಗೆ ಇಷ್ಟು ಗೊತ್ತಿದೆ ಅಂತ ಕಂಡ ತಾಯಿ ಬೇಗ ಟಿಸಿ ಕೇಳಲ್ಲ.

ಆ ದಿನ ಸಂಜೆ ಹಾಳೆಗಳನ್ನೆಲ್ಲ ತರಗತಿವಾರು ಫೈಲ್ ಮಾಡಿ ನಿಮ್ಮ ಬೀರುವಿನಲ್ಲಿ ಇಡಿ. ಏಳನೇ ತರಗತಿಯವರದನ್ನು ಮಾತ್ರ ಟಿಸಿ ಜೊತೆಗೆ ಅವರು ಸೇರುವ ಹೈಸ್ಕೂಲಿಗೆ ಕಳಿಸಿ. ಪ್ರತಿ ಫೈಲಿನ ಮೇಲೆ ಬರೆದವರ ಹೆಸರು, ಫೋನ್ ನಂಬರ್ ಇರಲಿ. ರಜೆಯಲ್ಲಿ ಯಾರಿಗೆ ವರ್ಗಾವಣೆ ಆಗುತ್ತೋ ಗೊತ್ತಿಲ್ಲ. ಹೊಸದಾಗಿ ಬಂದವರಿಗೆ ಫೈಲ್ ಕೊಟ್ಟು, ಒಂದು ಫೋನ್ ಮಾಡಿ ಮಾತಾಡಿ ಅಂತ ಹೇಳಿದರೆ ಸೇತುಬಂಧ ಮೊದಲ ದಿನದಿಂದಲೇ ಶುರುವಾಗುತ್ತೆ.